ಒಡೆದ ಅಕ್ಷರಗಳು

ಆಲಮಟ್ಟಿಯಲ್ಲಿ ಕೃಷ್ಣಾ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿಗೆ ೧೯೬೪ರ ಮೇ ೨೨ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿರಿಸಿದರು. ಕಟ್ಟಡದ ಕೆಲಸ ಮುಗಿದುದು ೨೦೦೫ರಲ್ಲಿ. ಮರುವರ್ಷ ಆಗಸ್ಟ್ ೨೧ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು. ಜಲಾಶಯದ ನೀರು ಮೇಲೇರಿದಂತೆ ದಂಡೆಯ ಹಳ್ಳಿಗಳ ಜನ ಹೊಲ, ಮನೆ, ಗುಡಿ, ಬಾವಿಗಳನ್ನು ಬಿಟ್ಟು ಹೊಸ ನೆಲೆಗಳಿಗೆ ಹೋದರು. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳೂ ಬರಿದಾದುವು. ಎರೆಮಣ್ಣಿನ ಹೊಲವನ್ನು ಯಾರೂ ಗಾಡಿಯಲ್ಲಿ ಹೇರಿಕೊಂಡು ಹೋಗಲಾರರು. ಅವರು ಜತೆಗೆ ಒಯ್ಯಬಹುದಾದದ್ದು ಕಾಗದವೊಂದನ್ನೇ. ಉತಾರ, ಸರ್ವೆ ನಂಬರು, ಹಿಸ್ಸಾ, ಪರಿಹಾರದ ಆದೇಶ, ಪುನರ್ವಸತಿಯ ಪತ್ರ ಇವು ಮುಳುಗಿದ ಹೊಲಕ್ಕೆ ಉಳಿದ ಸಾಕ್ಷಿಗಳು.

ಇಂಥ ಕಾಗದಗಳಲ್ಲಿ ಕೆಲವು ಕೈಬರಹದವು, ಕೆಲವು ಬೆರಳಚ್ಚಿನವು. ಕಾಲ ಮುಂದುವರಿದಂತೆ ಹಲವು ಗಣಕಯಂತ್ರದಲ್ಲಿ ಸಿದ್ಧವಾದವು. ಒಬ್ಬ ತರುಣನನ್ನು ಊಹಿಸಿಕೊಳ್ಳೋಣ. ಅವನ ಅಜ್ಜ ಹಿಂದೊಮ್ಮೆ ಬರೆಯಿಸಿದ ಅರ್ಜಿಯ ಕಡತ ಹಳೆಯ ಗಣಕದಲ್ಲಿ ಉಳಿದಿದೆ. ಅದರ ಪ್ರತಿಯೊಂದು ಈಗ ಬೇಕಾಗಿದೆ. ಅವನು ಕಡತವನ್ನು ತೆರೆಯುತ್ತಾನೆ. ಪರದೆಯ ಮೇಲೆ ಕನ್ನಡದ ಒಂದು ಅಕ್ಷರವೂ ಇಲ್ಲ! ಇಂಗ್ಲಿಷಿನ ಪಿ, ಅದರ ಪಕ್ಕದಲ್ಲಿ ತಲೆಯ ಮೇಲೆ ಗೆರೆ ಹೊತ್ತ ಎ, ನಡುವೆ ಬ್ರಿಟಿಷ್ ಪೌಂಡಿನ ಗುರುತು, ಜರ್ಮನ್ ಭಾಷೆಯ ಯಾವುದೋ ಲಿಪಿ. ಅಚ್ಚು ಹಾಕಿದರೆ ಕಾಗದದ ಮೇಲೂ ಅದೇ ಗೊಂದಲ. ಅಜ್ಜನ ಅರ್ಜಿ ಕೆಟ್ಟುಹೋಯಿತೆಂದು ಅವನು ತಿಳಿಯುವುದು ಸಹಜ. ಆದರೆ ಅದು ಕೆಟ್ಟಿಲ್ಲ. ಅದನ್ನು ಓದುವ ಬಗೆ ಮಾತ್ರ ತಪ್ಪಿದೆ. ಕ್ಷರವಲ್ಲದ್ದು, ಎಂದರೆ ನಾಶವಾಗದ್ದು ಅಕ್ಷರ ಎಂದು ವ್ಯಾಕರಣ ಬಲ್ಲವರು ಹೇಳುತ್ತಾರೆ. ಗಣಕಯಂತ್ರವನ್ನು ಕಂಡ ಮೇಲೆ ಆ ಮಾತನ್ನು ಸ್ವಲ್ಪ ಎಚ್ಚರದಿಂದಲೇ ಹೇಳಬೇಕಾಗಿದೆ.

ಇದು ಹೀಗೇಕಾಯಿತೆಂದು ತಿಳಿಯಬೇಕಾದರೆ ಹಳೆಯ ಅಚ್ಚುಕೂಟವನ್ನು ನೆನೆಯಬೇಕು. ವಚನಗಳ ತಾಡವೋಲೆಗಳನ್ನು ಹುಡುಕಿ ಸಂಗ್ರಹಿಸಿದ ಫ. ಗು. ಹಳಕಟ್ಟಿಯವರು ೧೯೨೫ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದರು. ಅಂದಿನ ಅಚ್ಚುಕೂಟದಲ್ಲಿ ಸೀಸದ ಮೊಳೆಗಳಿದ್ದುವು. ಜೋಡಿಸುವವನು ಸಾಲು ಸಾಲು ಮನೆಗಳುಳ್ಳ ಪೆಟ್ಟಿಗೆಯಿಂದ ಅಕ್ಷರದ ಒಡಲು, ಒತ್ತು, ಕೊಂಬುಗಳ ಮೊಳೆಗಳನ್ನು ಆಯ್ದು ಕೂಡಿಸುತ್ತಿದ್ದನು. ಯಾವ ಮನೆಯಲ್ಲಿ ಯಾವ ಮೊಳೆ ಇದೆಯೆಂಬುದು ಅವನ ಕೈಗೆ ಗೊತ್ತು, ಹೊರಗಿನವನಿಗೆ ಗೊತ್ತಿಲ್ಲ.

ಗಣಕಯಂತ್ರದಲ್ಲಿ ಕನ್ನಡ ಬಂದಾಗಲೂ ಹೀಗೆಯೇ ಆಯಿತು. ಆಗಿನ ಪದ್ಧತಿಯಲ್ಲಿ ಒಂದು ಅಕ್ಷರಮಾಲೆಗೆ ದೊರೆಯುತ್ತಿದ್ದುದು ೨೫೬ ಮನೆಗಳು ಮಾತ್ರ. ಆ ಮನೆಗಳೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳಿಗೆ ಹಂಚಿಹೋಗಿದ್ದುವು. ಕನ್ನಡದ ತಂತ್ರಜ್ಞರು ಅದೇ ಮನೆಗಳೊಳಗೆ ಕನ್ನಡದ ತುಣುಕುಗಳನ್ನು ಇರಿಸಿದರು. ಪಿ ಎಂಬ ಮನೆಯಲ್ಲಿ ತಲೆಕಟ್ಟಿಲ್ಲದ ಕ, ಗೆರೆ ಹೊತ್ತ ಎ ಮನೆಯಲ್ಲಿ ತಲೆಕಟ್ಟು, ಪೌಂಡಿನ ಮನೆಯಲ್ಲಿ ನಕಾರದ ಒಡಲು, ಜರ್ಮನ್ ಲಿಪಿಯ ಮನೆಯಲ್ಲಿ ನಕಾರದ ಒತ್ತು. ಹೀಗೆ ‘ಕನ್ನಡ’ ಎಂಬ ಮೂರಕ್ಷರದ ಪದಕ್ಕೆ ಏಳು ತುಣುಕುಗಳು ಬೇಕಾದುವು. ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ ‘ಬರಹ’ವೂ ಕನ್ನಡ ಗಣಕ ಪರಿಷತ್ತು ಸಿದ್ಧಗೊಳಿಸಿದ ‘ನುಡಿ’ಯೂ ಕನ್ನಡಿಗರಿಗೆ ಗಣಕದ ಬಾಗಿಲನ್ನು ತೆರೆದುವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ನುಡಿಯ ಕೀಲಿಮಣೆಗೆ ಆಧಾರವಾಯಿತು. ಆ ಕಾಲದ ಇಕ್ಕಟ್ಟಿನಲ್ಲಿ ಇದಕ್ಕಿಂತ ಒಳ್ಳೆಯ ಉಪಾಯವಿರಲಿಲ್ಲ. ಅವರನ್ನು ದೂರುವುದು ಕೃತಘ್ನತೆಯಾದೀತು. ಆದರೆ ಕಡತದೊಂದಿಗೆ ಆ ಅಕ್ಷರಮಾಲೆಯೂ ಇದ್ದರಷ್ಟೇ ಓದು ಸಾಧ್ಯ. ಅಕ್ಷರಮಾಲೆ ಇಲ್ಲದ ಗಣಕಕ್ಕೆ ಕಡತ ಹೋದಾಗ ಮನೆಗಳ ಮೂಲ ನಿವಾಸಿಗಳಾದ ಪಿ, ಎ, ಪೌಂಡುಗಳೇ ಹೊರಗೆ ಬಂದು ನಿಲ್ಲುತ್ತವೆ.

ಯುನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯ ಮೊದಲ ಆವೃತ್ತಿ ೧೯೯೧ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆ ೧೨೮ ಸ್ವಂತ ಮನೆಗಳಿವೆ. ಅಲ್ಲಿ ಇರಿಸುವುದು ಅಕ್ಷರದ ತುಣುಕನ್ನಲ್ಲ, ಅಕ್ಷರವನ್ನೇ. ಕಕಾರದ ಸಂಖ್ಯೆ ೩೨೨೧. ಅದು ಯಾವ ದೇಶದ ಗಣಕದಲ್ಲಿಯೂ ಕಕಾರವೇ. ‘ಕನ್ನಡ’ ಎಂಬುದು ಇಲ್ಲಿ ಕ, ನ, ಹಲಂತದ ಗುರುತು, ನ, ಡ ಎಂದು ಉಚ್ಚಾರಣೆಯ ಕ್ರಮದಲ್ಲಿ ಐದು ಸಂಕೇತಗಳಾಗಿ ನಿಲ್ಲುತ್ತದೆ. ಒತ್ತಿನ ಆಕಾರವನ್ನು ಬರೆಯುವ ಹೊಣೆ ಪರದೆಯದು, ಮುದ್ರಣಯಂತ್ರದ್ದು.

ಈಗ ತರುಣನ ಕಡತದ ಪರೀಕ್ಷೆಗೆ ಬರೋಣ. ಇಂಥ ಪರೀಕ್ಷೆಗೆ ಅತ್ಯಂತ ಅನುಕೂಲವಾದುವು ಆದೇಶದ ಸಾಲಿನಲ್ಲಿ ಬೆರಳಚ್ಚಿಸಿ ನಡೆಸುವ ಚಿಕ್ಕ ಚಿಕ್ಕ ಸಾಧನಗಳು. ಇವುಗಳಲ್ಲಿ ಬಣ್ಣದ ಗುಂಡಿಗಳಿಲ್ಲ, ಚಿತ್ರಗಳಿಲ್ಲ. ಒಂದು ಪದವನ್ನು ಬರೆದು ಕಡತದ ಹೆಸರನ್ನು ಕೊಟ್ಟರೆ ಕೆಲಸ ನಡೆಯುತ್ತದೆ. ಈ ಸಂಪ್ರದಾಯ ಬೆಳೆದುದು ಅಮೆರಿಕದ ಬೆಲ್ ಪ್ರಯೋಗಾಲಯದ ಯುನಿಕ್ಸ್ ವ್ಯವಸ್ಥೆಯಲ್ಲಿ. ಕೆನ್ ಥಾಮ್ಸನ್, ಡೆನ್ನಿಸ್ ರಿಚಿ ಮೊದಲಾದವರು ಹೊಸ ಗಣಕವೊಂದು ಬೇಕೆಂದು ಕೇಳಿದಾಗ, ಪೇಟೆಂಟ್ ವಿಭಾಗದ ಅರ್ಜಿಗಳನ್ನು ಅಂದವಾಗಿ ಸಿದ್ಧಪಡಿಸಿ ಅಚ್ಚು ಹಾಕಿಕೊಡುತ್ತೇವೆಂದು ಮಾತು ಕೊಟ್ಟು ಅದನ್ನು ಪಡೆದರು. ೧೯೭೧ರಲ್ಲಿ ಆ ವಿಭಾಗದ ಬೆರಳಚ್ಚುಗಾರರೇ ಯುನಿಕ್ಸಿನ ಮೊದಲ ಬಳಕೆದಾರರಾದರು. ಇಂದು ಲೋಕವನ್ನೇ ನಡೆಸುತ್ತಿರುವ ಈ ಬಗೆಯ ವ್ಯವಸ್ಥೆಗಳು ಅರ್ಜಿಯ ಅಚ್ಚಿನಿಂದ ಮೊದಲಾದುವೆಂಬುದು ಸೋಜಿಗದ ಸಂಗತಿ. ಈ ಸಾಧನಗಳಿಗೆ ಒಂದು ವಿಶೇಷ ಸ್ವಭಾವವುಂಟು: ಕೆಲಸ ಸರಿಯಾಗಿ ನಡೆದರೆ ಅವು ಮಾತನಾಡುವುದಿಲ್ಲ, ತಪ್ಪಿದಾಗ ಮಾತ್ರ ಬಾಯಿ ಬಿಡುತ್ತವೆ. ಹೊಸಬರು ಈ ಮೌನವನ್ನು ಕಂಡು ಏನೂ ಆಗಲಿಲ್ಲವೆಂದು ಅದೇ ಆದೇಶವನ್ನು ಮತ್ತೆ ಮತ್ತೆ ಕೊಡುವುದುಂಟು.

ಮೊದಲು ಮಾಡಬೇಕಾದ ಕೆಲಸ ಮೂಲ ಕಡತದ ನಕಲನ್ನು ತೆಗೆದಿಡುವುದು. ಹಾಗೆ ಮಾಡದೆ ಕೈ ಹಚ್ಚುವುದು, ಉತಾರದ ಮೂಲಪ್ರತಿಯ ಮೇಲೆ ಶಾಯಿಯಿಂದ ತಿದ್ದಿದಂತೆ. ಆಮೇಲೆ ರೋಗಲಕ್ಷಣವನ್ನು ನೋಡಬೇಕು. ‘ಫೈಲ್’ ಎಂಬ ಆದೇಶ, ಕಡತ ಯಾವ ಬಗೆಯದು, ಅದರ ಸಂಕೇತಪದ್ಧತಿ ಯಾವುದು ಎಂಬುದನ್ನು ಊಹಿಸಿ ಹೇಳುತ್ತದೆ. ಕಣ್ಣಿಗೂ ಕೆಲವು ಗುರುತುಗಳು ಸಿಗುತ್ತವೆ. ಪಿ, ಗೆರೆ ಹೊತ್ತ ಎ, ಪೌಂಡುಗಳು ಕಂಡರೆ ಅದು ನುಡಿಯಂಥ ಹಳೆಯ ಅಕ್ಷರಮಾಲೆಯ ಕಡತ. ಗೆರೆ ಹೊತ್ತ ಚಿಕ್ಕ ಎ ಮತ್ತು ಅದರ ಹೆಗಲ ಮೇಲೆ ಕುಳಿತ ಪುಟ್ಟ ಎರಡರ ಅಂಕಿ ಅಥವಾ ಮೂರರ ಅಂಕಿ ಪದೇ ಪದೇ ಕಂಡರೆ ಕಡತ ಯುನಿಕೋಡಿನಲ್ಲಿಯೇ ಇದೆ; ಓದುವ ಸಾಧನ ಅದನ್ನು ಯುರೋಪಿನ ಸಂಕೇತವೆಂದು ತಪ್ಪಾಗಿ ತಿಳಿದಿದೆ. ಯುನಿಕೋಡಿನ ಕನ್ನಡ ಅಕ್ಷರವೊಂದನ್ನು ಸಾಮಾನ್ಯವಾಗಿ ಮೂರು ಬೈಟುಗಳಾಗಿ ಬರೆದಿಡುವುದರಿಂದ ಹೀಗಾಗುತ್ತದೆ. ಖಾಲಿ ಚೌಕಗಳು ಕಂಡರೆ ಸಂಕೇತ ಸರಿಯಾಗಿದೆ, ಗಣಕದಲ್ಲಿ ಕನ್ನಡದ ಅಕ್ಷರಮಾಲೆ ಇಲ್ಲ. ಭಯಪಡಬೇಕಾದುದು ಪ್ರಶ್ನಾರ್ಥಕ ಚಿಹ್ನೆಗಳ ಸಾಲನ್ನು ಕಂಡಾಗ. ಹಿಂದೆ ಯಾರೋ ಕಡತವನ್ನು ಕನ್ನಡ ತಿಳಿಯದ ಪದ್ಧತಿಗೆ ಪರಿವರ್ತಿಸಿ ಉಳಿಸಿದ್ದರೆ ಪ್ರತಿಯೊಂದು ಅಕ್ಷರದ ಜಾಗದಲ್ಲಿಯೂ ಅದೇ ಚಿಹ್ನೆ ಕುಳಿತಿರುತ್ತದೆ. ಅದನ್ನು ಮರಳಿ ಪಡೆಯುವ ಮದ್ದಿಲ್ಲ.

ಸಂಕೇತ ಬದಲಿಸಲು ‘ಐಕಾನ್ವ್’ ಎಂಬ ಪ್ರಸಿದ್ಧ ಸಾಧನವಿದೆ. ಯುರೋಪಿನ ಹಳೆಯ ಕಡತಗಳನ್ನು ಅದು ಕ್ಷಣಮಾತ್ರದಲ್ಲಿ ಯುನಿಕೋಡಿಗೆ ತರುತ್ತದೆ. ಅರ್ಥವಾಗದ ಬೈಟು ಬಂದರೆ ಅದು ಇರುವ ಸ್ಥಾನವನ್ನೂ ತಿಳಿಸಿ ನಿಲ್ಲುತ್ತದೆ. ಆದರೆ ನುಡಿಯ ಕಡತವನ್ನು ಅದಕ್ಕೊಪ್ಪಿಸಿದರೆ ಅದು ಯಾವ ತಪ್ಪನ್ನೂ ತೋರಿಸುವುದಿಲ್ಲ. ಏಕೆಂದರೆ ಅದರ ದೃಷ್ಟಿಯಲ್ಲಿ ಪಿ ಎಂಬುದು ಪಿಯೇ, ಪೌಂಡು ಪೌಂಡೇ. ಆದೇಶ ಮೌನವಾಗಿ ಮುಗಿಯುತ್ತದೆ, ಗೊಂದಲ ಗೊಂದಲವಾಗಿಯೇ ಉಳಿಯುತ್ತದೆ. ಆದ್ದರಿಂದ ತುಣುಕುಗಳನ್ನು ಬಲ್ಲ, ಕನ್ನಡದ ಕಟ್ಟನ್ನೂ ಬಲ್ಲ ಬೇರೆ ಪರಿವರ್ತಕಗಳು ಬೇಕಾದುವು. ಅಂಥವನ್ನು ಕನ್ನಡದ ತರುಣ ತಂತ್ರಜ್ಞರು ಬರೆದು ಎಲ್ಲರ ಬಳಕೆಗೆ ಬಿಟ್ಟಿದ್ದಾರೆ.

ಇಲ್ಲಿಯ ನಿಜವಾದ ತೊಡಕು ಅರ್ಕಾವತ್ತು. ‘ಪುನರ್ವಸತಿ’ ಎಂಬಲ್ಲಿ ನಾಲಗೆ ಮೊದಲು ರಕಾರವನ್ನು ನುಡಿದು ಆಮೇಲೆ ವಕಾರವನ್ನು ನುಡಿಯುತ್ತದೆ. ಆದರೆ ಕೈ ಮೊದಲು ವಕಾರವನ್ನು ಬರೆದು ಅದರ ಬಲಕ್ಕೆ ಅರ್ಕಾವತ್ತನ್ನು ಇಡುತ್ತದೆ. ಹಳೆಯ ಅಕ್ಷರಮಾಲೆ ಕೈಯ ಕ್ರಮವನ್ನು ಅನುಸರಿಸಿದರೆ ಯುನಿಕೋಡ್ ನಾಲಗೆಯ ಕ್ರಮವನ್ನು ಅನುಸರಿಸುತ್ತದೆ. ತುಣುಕಿಗೆ ತುಣುಕನ್ನು ಬದಲಿಸುತ್ತ ಹೋಗುವ ದಡ್ಡ ಪರಿವರ್ತಕದಿಂದ ‘ಪುನರ್ವಸತಿ’ಯು ‘ಪುನವರ್ಸತಿ’ಯಾಗುತ್ತದೆ, ‘ಕರ್ನಾಟಕ’ ‘ಕನಾರ್ಟಕ’ವಾಗುತ್ತದೆ, ‘ಧರ್ಮ’ ‘ಧಮರ್’ ಆಗುತ್ತದೆ. ಒತ್ತಕ್ಷರದ ಕಥೆಯೂ ಇಂಥದೇ. ‘ಹಿಸ್ಸಾ’ ಎಂಬಲ್ಲಿ ಹಳೆಯ ಪದ್ಧತಿ ಸಾ ಎಂದು ದೀರ್ಘವನ್ನು ಮುಗಿಸಿ ಅದರ ಮುಂದೆ ಒತ್ತನ್ನು ಇಡುತ್ತದೆ. ಯುನಿಕೋಡಿನಲ್ಲಿ ಒತ್ತು ಮೊದಲು, ಸ್ವರ ಕೊನೆಗೆ. ಸ್ವರವನ್ನು ಎತ್ತಿ ಒತ್ತಿನ ಆಚೆಗೆ ಇರಿಸದಿದ್ದರೆ ‘ಹಿಸಾ್ಸ’ ಎಂಬ ಕುರೂಪ ಹುಟ್ಟುತ್ತದೆ. ಕೆಲವೊಮ್ಮೆ ಅಲ್ಲೊಂದು ಚುಕ್ಕೆಯ ವೃತ್ತ ಮೂಡುವುದೂ ಉಂಟು. ಇಲ್ಲಿ ವ್ಯಂಜನವಿರಬೇಕಾಗಿತ್ತು, ಕಾಣೆ ಎಂಬುದು ಅದರ ಅರ್ಥ.

ಇದು ಕಣ್ಣಿಗೆ ಆಗುವ ಕಿರಿಕಿರಿ ಮಾತ್ರವಲ್ಲ. ಹೆಸರಿನಲ್ಲಿ ಅರ್ಕಾವತ್ತು ಸ್ಥಾನ ಬದಲಿಸಿದರೆ ಗಣಕಕ್ಕೆ ಅದು ಬೇರೊಬ್ಬರ ಹೆಸರೇ. ಹುಡುಕಿದರೆ ಸಿಗುವುದಿಲ್ಲ. ಸಿಗದ ಹೆಸರಿನವನು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಸಾಹಿತ್ಯದಲ್ಲಿಯೂ ಇದರ ಬೆಲೆ ದೊಡ್ಡದು. ಸಿಂದಗಿ ತಾಲ್ಲೂಕಿನಲ್ಲಿ ೧೯೩೮ರಲ್ಲಿ ಜನಿಸಿದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೯೯೩ರಲ್ಲಿ ಸಮಗ್ರ ವಚನ ಸಾಹಿತ್ಯ ಹದಿನೈದು ಸಂಪುಟಗಳಾಗಿ ಪ್ರಕಟವಾಯಿತು. ಮುಂದೆ ‘ವಚನ ಸಂಚಯ’ವೆಂಬ ಜಾಲತಾಣವನ್ನು ಕಟ್ಟಿದವರು ಹಳೆಯ ಸಂಕೇತದಲ್ಲಿದ್ದ ಪಠ್ಯವನ್ನು ಯುನಿಕೋಡಿಗೆ ತಂದು ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಯಾವುದೇ ಪದವನ್ನು ಹುಡುಕುವಂತೆ ಮಾಡಿದರು. ಅಲ್ಲಿ ‘ಧರ್ಮ’ ಎಂಬ ಪದ ಎಷ್ಟು ವಚನಗಳಲ್ಲಿ ಬಂದಿದೆ ಎಂದು ಕೇಳುವ ವಿದ್ಯಾರ್ಥಿಗೆ, ‘ಧಮರ್’ ಎಂದು ಉಳಿದುಹೋದ ವಚನ ಇಲ್ಲದಂತೆಯೇ ಸರಿ.

ಅಕ್ಷರ ಸರಿಹೋದ ಮೇಲೂ ಅಚ್ಚಿನ ತೊಡಕು ಬೇರೆ. ಸಾದಾ ಬರಹವನ್ನು ಅಚ್ಚಿಗೆ ಅಣಿಗೊಳಿಸುವ ‘ಎನ್‌ಸ್ಕ್ರಿಪ್ಟ್’, ‘ಎ-ಟು-ಪಿ-ಎಸ್’ ಎಂಬ ಹಳೆಯ ಸಾಧನಗಳು ಒಂದು ಬೈಟಿಗೆ ಒಂದು ಅಕ್ಷರವೆಂದೇ ನಂಬಿದುವು. ಅವುಗಳ ಮೂಲಕ ಹಾದ ಕನ್ನಡ ಮತ್ತೆ ಎ ಮತ್ತು ಪುಟ್ಟ ಎರಡುಗಳಾಗಿ ಒಡೆಯುತ್ತದೆ. ‘ಪ್ಯಾಪ್ಸ್’ ಎಂಬ ಸಾಧನ ಒತ್ತು, ದೀರ್ಘಗಳನ್ನು ಬಲ್ಲದು. ೧೯೯೩ರಲ್ಲಿ ಬಂದ ಪಿಡಿಎಫ್ ರೂಪಕ್ಕೆ ಕಡತವನ್ನು ಬದಲಿಸುವುದು ಇನ್ನೂ ಒಳ್ಳೆಯ ದಾರಿ. ಆದರೆ ಅಕ್ಷರಮಾಲೆ ಆ ಕಡತದೊಳಗೇ ಅಡಕವಾಗಿರಬೇಕು. ‘ಪಿಡಿಎಫ್‌ಫಾಂಟ್ಸ್’ ಎಂಬ ಆದೇಶ ಪ್ರತಿಯೊಂದು ಅಕ್ಷರಮಾಲೆಯ ಹೆಸರಿನ ಮುಂದೆ ಅದು ಅಡಕವಾಗಿದೆಯೋ ಇಲ್ಲವೋ ಎಂದು ತೋರಿಸುತ್ತದೆ. ಇಲ್ಲವೆಂದು ಬಂದರೆ ಪಕ್ಕದ ಊರಿನ ಮುದ್ರಣಯಂತ್ರದಲ್ಲಿ ಪುಟ ಕೆಡುವುದು ಬಹುಮಟ್ಟಿಗೆ ನಿಶ್ಚಿತ.

ಕಡತ ನಿರ್ದೋಷಿಯಾಗಿದ್ದೂ ಕಾಗದ ಹೊರಬರದಿದ್ದರೆ? ೧೯೯೯ರಲ್ಲಿ ಹೊರಬಂದ ‘ಕಪ್ಸ್’ ಎಂಬ ಮುದ್ರಣವ್ಯವಸ್ಥೆಯಲ್ಲಿ ‘ಎಲ್‌ಪಿಸ್ಟಾಟ್’ ಆದೇಶವನ್ನು ಕೊಟ್ಟರೆ ಸರದಿಯಲ್ಲಿ ಕಾಯುತ್ತಿರುವ ಕೆಲಸಗಳ ಪಟ್ಟಿ ದೊರೆಯುತ್ತದೆ. ಹಿಂದಿನ ಯಾವುದೋ ಕೆಲಸ ಕೆಟ್ಟು ಯಂತ್ರವೇ ನಿಷ್ಕ್ರಿಯವೆಂದು ಗುರುತಾಗಿರಬಹುದು. ಅದನ್ನು ಮತ್ತೆ ಚಾಲನೆಗೆ ತರುವವರೆಗೆ ಹಿಂದಿನ ಸರದಿ ಅಲುಗದು.

ಮುದ್ರಣಯಂತ್ರದ ಇಂಥದೊಂದು ಸಂಕಟದಿಂದ ಒಂದು ಚಳವಳಿಯೇ ಹುಟ್ಟಿದ್ದುಂಟು. ಸುಮಾರು ೧೯೮೦ರಲ್ಲಿ ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿದ್ದ ಹೊಸ ಮುದ್ರಣಯಂತ್ರದಲ್ಲಿ ಕಾಗದ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಯಂತ್ರದಲ್ಲಿ ಹೀಗಾದಾಗ ಸರದಿಯಲ್ಲಿದ್ದವರಿಗೆಲ್ಲ ಸುದ್ದಿ ಹೋಗುವಂತೆ ರಿಚರ್ಡ್ ಸ್ಟಾಲ್‌ಮನ್ ಅದರ ಕಾರ್ಯಕ್ರಮವನ್ನು ತಿದ್ದಿದ್ದರು. ಹೊಸ ಯಂತ್ರದ ಕಾರ್ಯಕ್ರಮದ ಮೂಲಬರಹ ಅವರಿಗೆ ದೊರೆಯಲಿಲ್ಲ, ಇದ್ದವರು ಕೊಡಲೊಲ್ಲೆವೆಂದರು. ತಿದ್ದಬಲ್ಲವನ ಕೈ ಕಟ್ಟಿದ ಈ ನಿರಾಕರಣೆ ಅವರ ಮನಸ್ಸಿನಲ್ಲಿ ಉಳಿಯಿತು. ೧೯೮೩ರ ಸೆಪ್ಟೆಂಬರಿನಲ್ಲಿ ಅವರು ಎಲ್ಲರೂ ನೋಡಿ ತಿದ್ದಬಹುದಾದ ‘ಗ್ನೂ’ ಯೋಜನೆಯನ್ನು ಸಾರಿದರು. ಆಲಮಟ್ಟಿಯ ತರುಣ ಉಚಿತವಾಗಿ ಬಳಸುವ ಸಾಧನಗಳಲ್ಲಿ ಹಲವು ಆ ವಂಶದವು.

ಅವನು ಇಷ್ಟು ಹೊತ್ತಿಗೆ ಕಡತವನ್ನು ಪರಿವರ್ತಿಸಿದ್ದಾನೆ. ಅರ್ಕಾವತ್ತುಗಳನ್ನು ಹುಡುಕಿ ನೋಡಿದ್ದಾನೆ. ಎರಡು ಕಡೆ ‘ಸರ್ವೆ’ ಎಂಬುದು ‘ಸವೆರ್’ ಎಂದು ಉಳಿದಿತ್ತು, ತಿದ್ದಿದ್ದಾನೆ. ಎಲ್ಲ ಪುಟಗಳನ್ನು ಒಮ್ಮೆಗೇ ಕಳುಹಿಸದೆ ಒಂದೇ ಪುಟವನ್ನು ಅಚ್ಚು ಹಾಕಿಸಿ ಬೆಳಕಿಗೆ ಹಿಡಿದಿದ್ದಾನೆ. ಪಕ್ಕದಲ್ಲಿ ಅಜ್ಜ ಪೆಟ್ಟಿಗೆಯಿಂದ ತೆಗೆದ, ಮಡಿಕೆಯಲ್ಲಿ ಹರಿದ ಹಳೆಯ ಉತಾರವಿದೆ. ತರುಣ ಸರ್ವೆ ನಂಬರನ್ನು ಗಟ್ಟಿಯಾಗಿ ಓದುತ್ತಾನೆ. ಅಜ್ಜ ಕಾಗದವನ್ನು ನೋಡದೆಯೇ ಹಿಸ್ಸಾ ಸಂಖ್ಯೆಯನ್ನೂ ಹೊಲದ ನಾಲ್ಕು ಚಕ್ಕುಬಂದಿಗಳನ್ನೂ ಹೇಳುತ್ತಾನೆ.