ಅಕಾಡೆಮಿ ಮುಗಿದ ಮೇಲಿನ ಪಾಠ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದ ‘ಸ್ಟಾಫಿಂಗ್’ ಪಾಠದಲ್ಲಿ ತರಬೇತಿಯ ಎರಡು ಬಗೆಗಳಿವೆ: ಕೆಲಸ ಮಾಡುತ್ತಲೇ ಕಲಿಯುವುದು ಮತ್ತು ಕೆಲಸದ ಸ್ಥಳದ ಹೊರಗೆ ಕಲಿಯುವುದು. ವ್ಯತ್ಯಾಸ ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ಮೊದಲನೆಯದು ಸರಿಯಾಗಿ ನಡೆಯದಿದ್ದರೆ ಏನಾಗುತ್ತದೆ? ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಪೊಲೀಸ್ ಇಲಾಖೆಯ ಉದಾಹರಣೆ ನೋಡೋಣ.

1970ರಲ್ಲಿ ಅಲ್ಲಿ ಹೊಸದಾಗಿ ಸೇರಿದ್ದ ಅಧಿಕಾರಿಯೊಬ್ಬ ಕರ್ತವ್ಯದಲ್ಲಿದ್ದಾಗ ಅಪಘಾತವಾಗಿ, ಇನ್ನೊಂದು ಕಾರಿನಲ್ಲಿದ್ದವರೊಬ್ಬರು ಸತ್ತರು. ಇಲಾಖೆ ಆತನ ಕಡತ ತೆಗೆದು ನೋಡಿತು. ಆತನ ಕೆಲಸ ಸರಿಯಿಲ್ಲವೆಂದು ಮೇಲಿನವರಿಗೆ ಗೊತ್ತಿತ್ತು. ಆದರೆ ಕೆಲಸದಿಂದ ತೆಗೆಯಲು ಸಾಕಾಗುವಷ್ಟು ಲಿಖಿತ ದಾಖಲೆ ಇರಲಿಲ್ಲ.

ಈ ಘಟನೆಯ ನಂತರ 1972ರಲ್ಲಿ ಅಲ್ಲಿ ಕ್ಷೇತ್ರ ತರಬೇತಿ ಕಾರ್ಯಕ್ರಮ ಆರಂಭವಾಯಿತು. ಅಕಾಡೆಮಿ ಮುಗಿಸಿದ ಹೊಸಬ ಅನುಭವಿ ತರಬೇತಿ ಅಧಿಕಾರಿಯ ಜೊತೆ ಗಸ್ತಿಗೆ ಹೋಗುತ್ತಾನೆ. ಮೊದಲು ನೋಡಿ ಕಲಿಯುತ್ತಾನೆ, ನಂತರ ಸ್ವಲ್ಪ ಸ್ವಲ್ಪವಾಗಿ ಕೆಲಸ ವಹಿಸಿಕೊಳ್ಳುತ್ತಾನೆ. ಕೊನೆಯ ಹಂತದಲ್ಲಿ ಎಲ್ಲವನ್ನೂ ಅವನೇ ಮಾಡಬೇಕು. ತರಬೇತಿ ಅಧಿಕಾರಿ ಗಮನಿಸುತ್ತಾರೆ, ಅಷ್ಟೆ.

ಪ್ರತಿದಿನ ಒಂದು ವರದಿ ಬರೆಯಲಾಗುತ್ತದೆ. ವಾಹನ ಚಾಲನೆ, ಕಾನೂನಿನ ಜ್ಞಾನ, ವರದಿ ಬರೆಯುವಿಕೆ, ಜನರೊಂದಿಗಿನ ವರ್ತನೆ ಮುಂತಾದವುಗಳಿಗೆ 1ರಿಂದ 7ರವರೆಗೆ ಅಂಕ. ತೀರ ಕಡಿಮೆ ಅಥವಾ ತೀರ ಹೆಚ್ಚು ಅಂಕ ಕೊಟ್ಟರೆ ನಡೆದದ್ದೇನೆಂದು ಬರೆಯಬೇಕು. ನಾವು ಅಕೌಂಟೆನ್ಸಿಯಲ್ಲಿ ವೋಚರ್ ಇಲ್ಲದೆ ಖರ್ಚು ಬರೆಯುವುದಿಲ್ಲವಲ್ಲ, ಹಾಗೆ. ಒಬ್ಬರ ಇಷ್ಟಾನಿಷ್ಟವೇ ತೀರ್ಪಾಗಬಾರದೆಂದು ತರಬೇತಿ ಅಧಿಕಾರಿಗಳನ್ನು ಬದಲಾಯಿಸುತ್ತಾರೆ. ಹಿಂದುಳಿದ ವಿಷಯಕ್ಕೆ ಹೆಚ್ಚುವರಿ ತರಬೇತಿ ಇದೆ. ಆಗಲೂ ಸುಧಾರಿಸದಿದ್ದರೆ ಕೆಲಸ ಹೋಗುತ್ತದೆ.

ನಮ್ಮ ಮನೆಯ ಉರ್ದುವಿನಲ್ಲಿ ಗ್ಯಾರೇಜಿನ ಮೇಸ್ತ್ರಿಯೂ ‘ಉಸ್ತಾದ್’. ಹುಡುಗನ ಕೈ ಎಲ್ಲಿ ತಪ್ಪುತ್ತದೆ ಎಂದು ಉಸ್ತಾದರಿಗೆ ಚೆನ್ನಾಗಿ ಗೊತ್ತು, ಆದರೆ ಅದು ಅವರ ತಲೆಯಲ್ಲೇ ಉಳಿಯುತ್ತದೆ. ಸ್ಯಾನ್ ಹೋಸೆಯವರು ಉಸ್ತಾದರ ಕೈಗೆ ಪೆನ್ನು ಕೊಟ್ಟರು ಎಂದು ನಾನು ಅರ್ಥಮಾಡಿಕೊಂಡೆ. ಇದರಿಂದ ಜನರಿಗೂ ರಕ್ಷಣೆ, ಕಲಿಯುವವನಿಗೂ ನ್ಯಾಯ.

ಈ ಪದ್ಧತಿಗೆ ಟೀಕೆಯೂ ಇದೆ. ದಿನವೂ ಅಂಕ ಹಾಕಿದರೆ ಕಲಿಯುವವನು ತಪ್ಪಿಗೆ ಹೆದರುತ್ತಾನೆ, ಸ್ವಂತವಾಗಿ ಯೋಚಿಸುವುದಿಲ್ಲ ಎನ್ನುತ್ತಾರೆ. ಆದ್ದರಿಂದ ಮುಂದೆ ನೆವಾಡಾದ ರೀನೋ ನಗರದಲ್ಲಿ ಬೇರೊಂದು ಮಾದರಿ ರೂಪುಗೊಂಡಿತು. ಅಲ್ಲಿ ಬಡಾವಣೆಯ ನಿಜವಾದ ಸಮಸ್ಯೆಯನ್ನು ಜನರೊಂದಿಗೆ ಸೇರಿ ಬಿಡಿಸುವುದೇ ಪಾಠ. ತಪ್ಪು ಕಲಿಕೆಯ ಒಂದು ಭಾಗ.

ಸ್ನೇಹಿತರೇ, ನಮ್ಮಲ್ಲಿ ಹಲವರು ಮುಂದೆ ಸಿಎ ಆರ್ಟಿಕಲ್‌ಶಿಪ್‌ಗೋ ಅಂಗಡಿ, ಕಚೇರಿಯ ಕೆಲಸಕ್ಕೋ ಸೇರುತ್ತೇವೆ. ಸಂಬಳ ಎಷ್ಟು ಎಂದು ಕೇಳುವಾಗ ಇದನ್ನೂ ಕೇಳೋಣ: ನಾನು ತಪ್ಪು ಮಾಡಿದರೆ ನನಗೆ ಯಾರು ಹೇಳುತ್ತಾರೆ, ಯಾವಾಗ ಹೇಳುತ್ತಾರೆ?