ಕೋಠಿಯ ಮೂರು ನಾಯಿಗಳು, ಮೂರು ಬಗೆಯ ಸ್ನಾನ

ಹೈದರಾಬಾದಿನ ಕೋಠಿಯಲ್ಲಿ ನಾವಿರುವ ಹಳೆಯ ಕಟ್ಟಡಕ್ಕೆ ಮೂರು ನಾಯಿಗಳು. ಮೇಲಿನ ಮನೆಯ ಬಿಳಿ ಸ್ಪಿಟ್ಜ್, ನಮ್ಮ ಲ್ಯಾಬ್ರಡಾರ್, ಮತ್ತೆ ಎಲ್ಲರೂ ಅನ್ನ ಹಾಕುವ, ಗೇಟಿನ ಬಳಿ ಮಲಗುವ ಕಂದು ಬೀದಿನಾಯಿ. ಈ ಮೂರಕ್ಕೂ ಮೈ ತೊಳೆಯುತ್ತ ಬಂದ ವರ್ಷಗಳಲ್ಲಿ ಮನಸ್ಸಿಗೆ ಗಟ್ಟಿಯಾದ ಮಾತೊಂದಿದೆ. ಶಾಂಪೂ ಕೊಳ್ಳುವ ಮೊದಲು ಕೂದಲು ಬಿಡಿಸಿ ಚರ್ಮ ನೋಡಬೇಕು. ಯಾವ ಬಾಟಲಿ, ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಎಂಬುದೆಲ್ಲ ಆಮೇಲೆ ತಾನಾಗಿ ತಿಳಿಯುತ್ತದೆ.

ಮನೆಮಂದಿಯ ಶಾಂಪೂವನ್ನೇ ನಾಯಿಗೂ ಹಚ್ಚುವವರು ಎಲ್ಲ ಬೀದಿಗಳಲ್ಲೂ ಇದ್ದಾರೆ. ಮನುಷ್ಯರ ಚರ್ಮ ತುಸು ಆಮ್ಲೀಯ, ಅದರ ಪಿಎಚ್ ಸುಮಾರು 5. ನಾಯಿಯ ಚರ್ಮ ತಟಸ್ಥಕ್ಕೆ ಹತ್ತಿರ, 7ರ ಆಸುಪಾಸು. ಮೇಲ್ಚರ್ಮದಲ್ಲಿ ನಮಗೆ 10ರಿಂದ 15 ಪದರ ಜೀವಕೋಶಗಳಿದ್ದರೆ ನಾಯಿಗೆ ಸಾಮಾನ್ಯವಾಗಿ 3ರಿಂದ 5. ಅಷ್ಟು ದಟ್ಟ ಕೂದಲಿನ ಅಡಿಯಲ್ಲಿ ಅಷ್ಟು ತೆಳುವಾದ ಚರ್ಮವಿದೆ ಎಂದು ಮುಟ್ಟಿ ನೋಡುವವರೆಗೆ ಯಾರಿಗೂ ಅನ್ನಿಸುವುದಿಲ್ಲ. ನಮ್ಮ ತಲೆಯ ಎಣ್ಣೆಜಿಡ್ಡು ತೆಗೆಯಲೆಂದು ಮಾಡಿದ ಶಾಂಪೂ ಅಲ್ಲಿನ ರಕ್ಷಣೆಯ ಜಿಡ್ಡನ್ನೂ ತೊಳೆದುಬಿಡುತ್ತದೆ. ಚರ್ಮ ಒಣಗುತ್ತದೆ, ಹೊಟ್ಟು ಏಳುತ್ತದೆ, ನಾಯಿ ಕೆರೆದುಕೊಳ್ಳಲು ಶುರುಮಾಡುತ್ತದೆ.

ಸ್ಪಿಟ್ಜ್‌ಗೆ ಉದ್ದ ಕೂದಲಿನ ಕೆಳಗೆ ಹತ್ತಿಯಂಥ ಒಳಗೂದಲಿದೆ. ಗಾಢವಾದ ಶಾಂಪೂ ಅದರೊಳಗೆ ಸಿಕ್ಕಿಕೊಂಡರೆ ಎಷ್ಟು ನೀರು ಹೊಯ್ದರೂ ಪೂರ್ತಿ ಹೋಗದು, ಉಳಿದ ಶಾಂಪೂವೇ ತುರಿಕೆಗೆ ದಾರಿ. ಮೊದಲು ಬಾಚಿ ಗಂಟು ಬಿಡಿಸಿ, ಮೃದುವಾದ ಶಾಂಪೂವನ್ನು ಮಗ್ಗಿನ ನೀರಿನಲ್ಲಿ ತೆಳು ಮಾಡಿ ಸುರಿಯುವುದು ಅದಕ್ಕೆ ಸರಿ. ಲ್ಯಾಬ್ರಡಾರ್‌ನ ಮೇಲ್ಗೂದಲಿಗೆ ನೀರು ತಡೆಯುವ ಸಹಜ ಜಿಡ್ಡಿದೆ. ಮೈ ತುಸು ವಾಸನೆ ಬಂತೆಂದು ವಾರವಾರವೂ ಅದನ್ನು ತಿಕ್ಕಿ ತೆಗೆಯಬೇಕಿಲ್ಲ, ಚರ್ಮ ಚೆನ್ನಾಗಿದ್ದರೆ ತಿಂಗಳಿಗೊಮ್ಮೆ ಸಾಕು. ಬೀದಿನಾಯಿಯ ಗಿಡ್ಡ ಕೂದಲಿಗೆ ಇನ್ನೂ ಕಡಿಮೆ ಸಾಕು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ಸಾಕಿದವರಿಗೆ ಇದು ಗೊತ್ತು. 2005ರಲ್ಲಿ ಭಾರತೀಯ ಅಂಚೆ ಚೀಟಿಯ ಮೇಲೂ ಬಂದ ಆ ಬೇಟೆನಾಯಿಯ ನುಣುಪು ಮೈಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಹೆಚ್ಚಿನ ದಿನಗಳ ಸ್ನಾನ.

ಅಂಗಡಿಯ ಕಪಾಟಿನಲ್ಲಿ ಮಾತ್ರ ಎಲ್ಲ ಬಾಟಲಿಗಳೂ ಒಂದೇ ಥರ ಕಾಣುತ್ತವೆ. ಎಲ್ಲದರ ಮೇಲೂ ಹೊಳೆಯುವ ನಾಯಿಯ ಚಿತ್ರ, ಸ್ಟ್ರಾಬೆರಿಯ ಅಥವಾ ಬೇವಿನ ಹೆಸರು. ಇಲ್ಲಿ ಒಂದು ಕಾನೂನು ತಿಳಿದಿದ್ದರೆ ಒಳ್ಳೆಯದು. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಸೌಂದರ್ಯವರ್ಧಕ ಎನ್ನುವುದು ಮನುಷ್ಯರ ಮೈಗೆ ಹಚ್ಚುವ ವಸ್ತುವನ್ನು ಮಾತ್ರ. ಸಾದಾ ನಾಯಿ ಶಾಂಪೂ ಆ ವ್ಯಾಖ್ಯೆಯೊಳಗೆ ಬರುವುದೇ ಇಲ್ಲ. ಹಾಗಾಗಿ ಒಳಗೆ ಏನೇನಿದೆ ಎಂದು ಪೂರ್ತಿ ಬರೆದಿರುವ ಬಾಟಲಿಯನ್ನು ಹುಡುಕಿ ತೆಗೆದುಕೊಳ್ಳುವುದು ಕೊಳ್ಳುವವರ ಕೆಲಸವಾಗುತ್ತದೆ. ಪಶುಔಷಧಿಯಾಗಿ ಮಾರುವ ಶಾಂಪೂಗಳ ಲೆಕ್ಕ ಬೇರೆ. ಅವುಗಳ ಮೇಲೆ ಸಾಕುಪ್ರಾಣಿಯ ತಲೆಯ ಚಿಹ್ನೆ, ‘ಮನುಷ್ಯರ ಬಳಕೆಗಲ್ಲ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ’ ಎಂಬ ಸೂಚನೆ ಕಡ್ಡಾಯ. ಆ ಚಿಹ್ನೆ ಕಂಡರೆ ಅದು ಔಷಧಿ ಎಂದೇ ತಿಳಿಯಬೇಕು, ವೈದ್ಯರು ಹೇಳದೆ ಮುಟ್ಟಬಾರದು.

ಮಳೆಗಾಲದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಜೂನ್ ಕಳೆದು ಗಾಳಿಯಲ್ಲಿ ತೇವ ಹೆಚ್ಚಿದ ಮೇಲೆ ನಮ್ಮ ಲ್ಯಾಬ್ರಡಾರ್‌ನ ಕಂಕುಳು, ಬೆರಳ ಸಂದು, ಕಿವಿಯ ಬುಡ ಜಿಡ್ಡಾಗಿ, ಹುಳಿವಾಸನೆ ಹೊಡೆಯುತ್ತಿತ್ತು. ನಾಯಿಯ ಚರ್ಮದ ಮೇಲೆ ಎಂದಿನಿಂದಲೂ ಇರುವ ಮಲಸೀಜಿಯ ಎಂಬ ಯೀಸ್ಟ್ ತೇವ, ಜಿಡ್ಡು ಸಿಕ್ಕರೆ ಮಿತಿಮೀರಿ ಬೆಳೆಯುತ್ತದೆ. ಸುವಾಸನೆಯ ಶಾಂಪೂ ವಾಸನೆಯನ್ನು ಒಂದು ದಿನ ಮುಚ್ಚುತ್ತದೆ, ಅಷ್ಟೇ. ವೈದ್ಯರು ಟೇಪಿನಲ್ಲಿ ಚರ್ಮದ ಮಾದರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದುಕೊಟ್ಟದ್ದು ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಎರಡೂ ತಲಾ ಶೇಕಡಾ 2 ಇರುವ ಶಾಂಪೂ. ಜೊತೆಗೆ ಅವರು ಒತ್ತಿ ಹೇಳಿದ್ದು ಸಮಯದ ಬಗ್ಗೆ: ನೊರೆ ಮೈಮೇಲೆ 10 ನಿಮಿಷ ನಿಲ್ಲಬೇಕು. ಹಚ್ಚಿದೊಡನೆ ತೊಳೆದರೆ ದುಬಾರಿ ಔಷಧಿ ಬಚ್ಚಲಿಗೆ ಹೋಗುತ್ತದೆ. ಆ ಹತ್ತು ನಿಮಿಷ ನಾಯಿಯನ್ನು ನಿಲ್ಲಿಸುವುದೇ ಕಷ್ಟ, ಪಕ್ಕದಲ್ಲಿ ಕೂತು ಮಾತಾಡಿಸುತ್ತ, ಮೈ ನೀವುತ್ತ ಇರಬೇಕಾಗುತ್ತದೆ. ಕಣ್ಣಿಗೆ, ಕಿವಿಯೊಳಗೆ ಈ ಔಷಧಿ ಹೋಗಲೇಬಾರದು.

ಬೀದಿನಾಯಿಯ ಕಷ್ಟ ಉಣ್ಣೆ. ಬೇವಿನ ಶಾಂಪೂ ಆಗಲಿ, ಉಣ್ಣೆ ಕೊಲ್ಲುವ ಮದ್ದು ಬೆರೆತ ಶಾಂಪೂ ಆಗಲಿ, ಅದರಿಂದ ಆಗುವುದು ಅಂದಿನ ಸ್ನಾನದ ಮಟ್ಟಿಗೆ. ತೊಳೆದ ಮೇಲೆ ಮೈಮೇಲೆ ಹೆಚ್ಚೇನೂ ಉಳಿಯುವುದಿಲ್ಲ. ನಾಯಿಯ ಕಂದು ಉಣ್ಣೆ ತನ್ನ ಬದುಕಿನ ಬಹುಭಾಗವನ್ನು ಕಳೆಯುವುದು ನಾಯಿಯ ಮೈಮೇಲೆ ಅಲ್ಲ. ಅದು ರಕ್ತ ಕುಡಿದು ಉದುರಿ, ಗೋಡೆಯ ಬಿರುಕಿನಲ್ಲಿ, ಮೆಟ್ಟಿಲ ಸಂದಿಯಲ್ಲಿ ಸಾವಿರಾರು ಮೊಟ್ಟೆಯಿಡುತ್ತದೆ. ಗಾರೆ ಉದುರುವ ಕೋಠಿಯ ಹಳೆಯ ಕಟ್ಟಡಗಳಲ್ಲಿ ಅದಕ್ಕೆ ಜಾಗಕ್ಕೇನು ಕೊರತೆ? ಅದು ಹರಡುವ ಎರ್ಲಿಕಿಯ, ಬೆಬೀಸಿಯ ಸೋಂಕುಗಳು ರಕ್ತವನ್ನೇ ಹಾಳುಮಾಡಿ ನಾಯಿಯ ಪ್ರಾಣ ತೆಗೆಯಬಲ್ಲವು. ಉಣ್ಣೆಗೆ ಬೇಕಾದ್ದು ವೈದ್ಯರು ತೂಕ ನೋಡಿ ಕೊಡುವ ಮಾತ್ರೆ ಅಥವಾ ಬೆನ್ನಿಗೆ ಹಾಕುವ ಹನಿಮದ್ದು, ಅದರ ಜೊತೆಗೆ ಬಿರುಕು ಮುಚ್ಚುವ ಕೆಲಸ. ಗೇಟಿನ ನಾಯಿಗೆ ಕಟ್ಟಡದವರೆಲ್ಲ ದುಡ್ಡು ಸೇರಿಸಿ ಮಾತ್ರೆ ತಂದ ಮೇಲೆಯೇ ಅದರ ಕಿವಿ ಬೋಳಾಗುವುದು ನಿಂತಿತು. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಎಚ್ಚರ ಬೇಕು. ನಾಯಿಯ ಉಣ್ಣೆಮದ್ದುಗಳಲ್ಲಿ ಬಳಸುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಸ್ನಾನದ ನೀರಿಗೆ ಡೆಟಾಲ್ ಬೆರೆಸುವುದು, ಉಣ್ಣೆಗೆ ಫಿನಾಯಿಲ್ ಹಚ್ಚುವುದು, ಕರ್ಪೂರದೆಣ್ಣೆ ತಿಕ್ಕುವುದು ಕೂಡ ನಮ್ಮ ಸುತ್ತ ರೂಢಿಯಲ್ಲಿದೆ. ಇವನ್ನೆಲ್ಲ ಬಿಟ್ಟೇಬಿಡಬೇಕು. ನಾಯಿ ಮೈ ನೆಕ್ಕುವ ಪ್ರಾಣಿ, ಚರ್ಮಕ್ಕೆ ಹಚ್ಚಿದ್ದು ಹೊಟ್ಟೆಗೂ ಹೋಗುತ್ತದೆ. ಬೀದರ್, ಕಲಬುರಗಿ ಕಡೆಯಿಂದ ಬಂದು ಕೋಠಿ, ಕಾಚಿಗುಡದಲ್ಲಿ ನೆಲೆಸಿದ ಮನೆಗಳ ಹಿರಿಯರು ಸೀಗೆಪುಡಿ ಒಳ್ಳೆಯದೆನ್ನುತ್ತಾರೆ. ಅವರ ಕಾಳಜಿ ದೊಡ್ಡದು, ಆದರೆ ಸೀಗೆಯ ನೊರೆ ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು, ಪುಡಿಯ ತರಿ ಒಳಗೂದಲಲ್ಲಿ ಕೂತುಬಿಡುತ್ತದೆ.

ಇನ್ನು ನೀರು. ನಲ್ಲಿ ನೀರು ಬಾರದ ದಿನ ನಮ್ಮ ಕಟ್ಟಡಕ್ಕೆ ಬೋರ್‌ವೆಲ್ಲೇ ಗತಿ, ಅದು ಗಡಸು ನೀರು. ಮೈಸೋಪು ಅದರ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಕೆನೆಯಾಗಿ ಕೂದಲಿಗೆ ಅಂಟುತ್ತದೆ. ಸೋಪು ಕ್ಷಾರೀಯ ಕೂಡ, ಪಿಎಚ್ 9ರಿಂದ 10. ಶಾಂಪೂವಿನ ಡಿಟರ್ಜೆಂಟ್ ಅಂಥ ಕೆನೆ ಕಟ್ಟದು. ಹಾಗಾಗಿ ಎಷ್ಟೇ ಅಗ್ಗವಾದರೂ ಸೋಪು ಬೇಡ. ಜಾಲಿಸುವುದಕ್ಕೆ ಹಚ್ಚಿದ್ದಕ್ಕಿಂತ ದುಪ್ಪಟ್ಟು ಹೊತ್ತು ಕೊಡುವುದನ್ನು ರೂಢಿ ಮಾಡಿಕೊಂಡ ಮೇಲೆ ಸ್ಪಿಟ್ಜ್‌ನ ಹೊಟ್ಟು ತುಂಬ ಕಡಿಮೆಯಾಯಿತು.

ಹೊಸ ಬಾಟಲಿ ತಂದಾಗ ಇಡೀ ಮೈಗೆ ಸುರಿಯುವ ಬದಲು ಹೊಟ್ಟೆಯ ಬಳಿ ಅಂಗೈಯಗಲ ಜಾಗಕ್ಕೆ ಹಚ್ಚಿ ತೊಳೆದು, ಮರುದಿನ ಅಲ್ಲಿ ಕೆಂಪಾಗಿದೆಯೇ ನೋಡಬೇಕು. ಆರೋಗ್ಯದ ಚರ್ಮಕ್ಕೆ ಪರಿಮಳ ಕಡಿಮೆಯಿರುವ, ನಾಯಿಗೆಂದೇ ಮಾಡಿದ ಸೌಮ್ಯ ಶಾಂಪೂ. ಒಣ ತುರಿಕೆಗೆ ಓಟ್ಸ್ ಬೆರೆತದ್ದು. ಕೂದಲು ವೃತ್ತಾಕಾರವಾಗಿ ಉದುರಿದ್ದರೆ, ಕೀವು ಒಸರುತ್ತಿದ್ದರೆ, ಕೆರೆತಕ್ಕೆ ನಿದ್ದೆ ಕೆಟ್ಟಿದ್ದರೆ ಶಾಂಪೂ ಹುಡುಕುವುದನ್ನು ನಿಲ್ಲಿಸಿ, ಸ್ನಾನವನ್ನೂ ಮಾಡಿಸದೆ ಹಾಗೇ ಪಶುವೈದ್ಯರ ಬಳಿ ಕರೆದೊಯ್ಯಬೇಕು. ಕೋಠಿಯವರಿಗೆ ನಾರಾಯಣಗುಡದ ಸರ್ಕಾರಿ ಪಶು ಆಸ್ಪತ್ರೆ ಹತ್ತಿರದಲ್ಲೇ ಇದೆ. ತೊಳೆದ ಚರ್ಮದಿಂದ ಮಾದರಿ ಸರಿಯಾಗಿ ಸಿಗದು, ಹೊರಡುವ ಮುಂಚಿನ ಎರಡು ಮೂರು ದಿನ ಮೈಗೆ ಏನನ್ನೂ ಹಚ್ಚಬೇಡಿ.