ಪಾರ್ಕಿಂಗ್ ಚೀಟಿಯ ಮೂವತ್ತು ರೂಪಾಯಿ

ಡೆಂಗಿಯ ಅಸಲಿ ಆಟ ಶುರುವಾಗುವುದೇ ಜ್ವರ ಇಳಿದ ಮೇಲೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಜಮಾನರಿಗೆ ಜ್ವರ ಬಿಟ್ಟಿತೆಂದು ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದ ಸಂಜೆಯೇ ಅವರ ವಸಡಿನಲ್ಲಿ ರಕ್ತ ಕಾಣಿಸಿತು. ತಿಪಟೂರಿನ ಡಾಕ್ಟರು ರಿಪೋರ್ಟ್ ನೋಡಿದವರೇ ಬೆಂಗಳೂರಿಗೆ ಬರೆದುಕೊಟ್ಟರು. ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು 2024ರ ಸೆಪ್ಟೆಂಬರ್‌ನಲ್ಲಿ. ನಮಗೆ ಅದರ ಬಿಸಿ ಆಗಸ್ಟ್‌ನಲ್ಲೇ ತಟ್ಟಿತ್ತು.

ಬೆಂಗಳೂರಿನಲ್ಲಿ ನಮ್ಮ ಭಾವನವರಿದ್ದಾರೆ. ಶಾಸಕರ ಮನೆಗೆ ಹೇಳದೆ ಕೇಳದೆ ಹೋಗಿಬರುವಷ್ಟು ಸಲುಗೆ ಉಳ್ಳವರು. ಅಡ್ಮಿಟ್ ಆದ ದಿನ ಬಂದರು, ಒಂದು ಚಿಪ್ಪು ಬಾಳೆಹಣ್ಣು ಇಟ್ಟರು, "ಏನಾದ್ರೂ ಬೇಕಾದ್ರೆ ಒಂದು ಫೋನ್ ಮಾಡಮ್ಮ, ನಾನಿದ್ದೀನಿ" ಎಂದು ಹೋದರು. ನಂಬಿದೆ. ಆ ಊರಲ್ಲಿ ಇನ್ಯಾರನ್ನು ನಂಬಲಿ?

ಆ ರಾತ್ರಿ ಪ್ಲೇಟ್‌ಲೆಟ್ ಒಂಬತ್ತು ಸಾವಿರಕ್ಕೆ ಇಳಿಯಿತು. ಸಾಮಾನ್ಯರಿಗೆ ಅದು ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು. ಡೆಂಗಿ ಬಂದವರಿಗೆಲ್ಲ ಪ್ಲೇಟ್‌ಲೆಟ್ ಏರಿಸುವುದಿಲ್ಲ, ಹತ್ತು ಸಾವಿರದ ಕೆಳಗೆ ಹೋದರೆ ಅಥವಾ ರಕ್ತಸ್ರಾವವಾದರೆ ಮಾತ್ರ ಎಂದು ಡ್ಯೂಟಿ ಡಾಕ್ಟರು ಹೇಳಿದರು. ನಮ್ಮವರಿಗೆ ಎರಡೂ ಇತ್ತು. "ಎಸ್‌ಡಿಪಿ ಬೇಕು, ಡೋನರ್ ಕರ್ಕೊಂಡು ಬನ್ನಿ" ಎಂದರು. ಹಾಗೆಂದರೇನು ಎಂದು ಬ್ಲಡ್ ಬ್ಯಾಂಕಿನ ಕಿಟಕಿಯಲ್ಲಿ ಕೇಳಿದರೆ ಅಲ್ಲಿದ್ದಾತ ಫೋನಿನಿಂದ ತಲೆ ಎತ್ತದೆ, "ಬಿ ಪಾಸಿಟಿವ್ ಗಂಡಸರು, ಐವತ್ತು ಕೆ.ಜಿ. ಮೇಲಿರಬೇಕು, ನರ ಚೆನ್ನಾಗಿರಬೇಕು, ಮೂರು ದಿನದಿಂದ ಆಸ್ಪಿರಿನ್ ತಗೊಂಡಿರಬಾರದು. ನೆಕ್ಸ್ಟ್" ಎಂದ. ನನ್ನ ಹಿಂದೆ ಯಾರೂ ಇರಲಿಲ್ಲ.

ನನ್ನ ರಕ್ತದ ಗುಂಪೂ ಬೇರೆ, ಹಿಮೋಗ್ಲೋಬಿನ್ನೂ ಸಾಲದು. ಭಾವನವರಿಗೆ ಫೋನ್ ಮಾಡಿದೆ. ಅವರಿಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಬಿ ಪಾಸಿಟಿವ್, ಇಬ್ಬರೂ ಜಿಮ್ಮಿಗೆ ಹೋಗುವವರು. "ದೊಡ್ಡವನು ಊರಲ್ಲಿಲ್ಲ. ಚಿಕ್ಕವನಿಗೆ ಇಂಟರ್ವ್ಯೂ ಇದೆ ಕಣಮ್ಮ, ರಕ್ತ ಕೊಟ್ರೆ ವೀಕ್ ಆಗ್ತಾನೆ. ಬೆಳಿಗ್ಗೆ ಯಾರನ್ನಾದರೂ ಕಳಿಸ್ತೀನಿ" ಎಂದರು. ಬೆಳಗಿನವರೆಗೆ ಕಾಯಬಹುದೇ ಎಂದು ಡಾಕ್ಟರನ್ನು ಕೇಳಿದೆ. ಅವರು ನನ್ನ ಮುಖ ನೋಡಿದರೇ ಹೊರತು ಬಾಯಿ ಬಿಡಲಿಲ್ಲ.

ಸಿಕ್ಕ ಸಿಕ್ಕ ವಾಟ್ಸಾಪ್ ಗ್ರೂಪಿಗೆಲ್ಲ "ಅರ್ಜೆಂಟ್ ರಕ್ತ ಬೇಕು" ಎಂದು ಹಾಕಿದೆ. ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ಆಮೇಲೆ ಫೋನುಗಳು: ಯಾವ ಆಸ್ಪತ್ರೆ? ಪೇಷಂಟ್ ನಿಮಗೇನಾಗಬೇಕು? ಇದು ಹಳೇ ಮೆಸೇಜಾ? ಉತ್ತರಿಸುತ್ತ ಉತ್ತರಿಸುತ್ತ ಚಾರ್ಜು ಕೆಂಪಿಗೆ ಇಳಿಯಿತು. ಐಸಿಯು ಬಾಗಿಲು ತೆರೆದಾಗಲೆಲ್ಲ ನನ್ನನ್ನೇ ಕರೆದರೇನೋ ಎಂದು ಎದ್ದು ನಿಲ್ಲುವುದು, ಅಲ್ಲವೆಂದು ಕೂರುವುದು. ಒಂದು ಸಲ ನಿಜವಾಗಿಯೂ ನನ್ನನ್ನೇ ಕರೆದರು. ಯಾವುದೋ ಕಾಗದಕ್ಕೆ ಸಹಿ ಬೇಕಿತ್ತು. ಪೆನ್ನು ಕೈಯಲ್ಲಿ ನಿಲ್ಲಲಿಲ್ಲ. ಏನಿದೆ ಎಂದು ಓದದೆಯೇ ಹಾಕಿದೆ.

ಪಕ್ಕದ ಕುರ್ಚಿಯಲ್ಲಿ ತನ್ನ ಅತ್ತೆಗಾಗಿ ಕಾದು ಕೂತಿದ್ದ ಕನಕಪುರದ ಹೆಂಗಸೊಬ್ಬಳು, ಬಟ್ಟೆ ಹೊಲಿಯುವವಳಂತೆ, "ಕೊಡಕ್ಕ ಇಲ್ಲಿ" ಎಂದು ಫೋನ್ ಕಿತ್ತುಕೊಂಡು ತನ್ನ ಚಾರ್ಜರಿಗೆ ಸಿಕ್ಕಿಸಿದಳು. ತನ್ನ ಫೋನಿನಲ್ಲಿ ಹೊಸದಾಗಿ ಮೆಸೇಜು ಬರೆದಳು: ರೋಗಿಯ ಹೆಸರು, ಆಸ್ಪತ್ರೆ, ಮಹಡಿ, ಬಿ ಪಾಸಿಟಿವ್, ಪ್ಲೇಟ್‌ಲೆಟ್, ಇವತ್ತಿನ ತಾರೀಕು, ಗಂಟೆ. ಕೊನೆಯಲ್ಲಿ ತನ್ನ ನಂಬರು. "ಫೋನೆಲ್ಲ ನಂಗೇ ಬರ್ಲಿ, ನೀನು ಬಾಗ್ಲ ಕಡೆ ನೋಡ್ಕೊ" ಎಂದಳು. ಹತ್ತು ನಿಮಿಷದ ಕೆಲಸ. ಅಲ್ಲಿಯವರೆಗೆ ನಾನು ಅವಳ ಹೆಸರನ್ನೂ ಕೇಳಿರಲಿಲ್ಲ.

ಆ ಮೆಸೇಜು ಅವಳ ತಮ್ಮನಿಂದ ಇನ್ಯಾರಿಗೋ ಹೋಗಿ, ನಡುರಾತ್ರಿ ದಾಟಿದ ಮೇಲೆ ಊಟ ಡೆಲಿವರಿ ಮಾಡುವ ಹುಡುಗನೊಬ್ಬ ನೆನೆದ ರೇನ್‌ಕೋಟಿನಲ್ಲೇ ಬಂದು ನಿಂತ. ವಿಜಯಪುರದ ಕಡೆಯವನು. ಮೊದಲು ಅವನ ಪ್ಲೇಟ್‌ಲೆಟ್ ಎಣಿಸಬೇಕು, ಎಚ್‌ಐವಿ, ಹೆಪಟೈಟಿಸ್ ಎಲ್ಲ ಪರೀಕ್ಷೆ ಆಗಬೇಕು. ಅದಕ್ಕೇ ಒಂದು ತಾಸಿನ ಮೇಲಾಯಿತು. ಆಮೇಲೆ ಯಂತ್ರದ ಪಕ್ಕ ಮಲಗಿಸಿದರು. ಯಂತ್ರ ತೋಳಿನಿಂದ ರಕ್ತ ಎಳೆದುಕೊಂಡು, ಪ್ಲೇಟ್‌ಲೆಟ್ ಬೇರ್ಪಡಿಸಿ, ಉಳಿದದ್ದನ್ನು ಅವನಿಗೇ ವಾಪಸು ಹರಿಸುತ್ತದೆ. ಎಸ್‌ಡಿಪಿ ಎಂದರೆ ಇದೇ, ಒಬ್ಬನೇ ದಾನಿಯ ಪ್ಲೇಟ್‌ಲೆಟ್. ನಡುವೆ "ತುಟಿ ಜುಮ್ ಅನ್ನಾಕತ್ತೈತ್ರಿ" ಎಂದ. ನನ್ನ ಎದೆ ಧಸಕ್ಕೆಂದಿತು. ರಕ್ತ ಹೆಪ್ಪುಗಟ್ಟದಂತೆ ಬಳಸುವ ಔಷಧಿಯಿಂದ ಹಾಗಾಗುತ್ತದೆ ಎಂದು ಟೆಕ್ನಿಶಿಯನ್ ಕ್ಯಾಲ್ಸಿಯಂ ಮಾತ್ರೆ ಕೊಟ್ಟ. ಒಂದೂವರೆ ಗಂಟೆಯಲ್ಲಿ ಚೀಲ ತುಂಬಿತು. ಕೆಂಪಗಿರುತ್ತದೆ ಎಂದುಕೊಂಡಿದ್ದೆ, ನೋಡಿದರೆ ಕಾಯಿಸಿದ ತುಪ್ಪದ ಬಣ್ಣ.

ಹುಡುಗನ ಕೈಗೆ ದುಡ್ಡು ಇಡಲು ಹೋದೆ. "ರೊಕ್ಕ ಬ್ಯಾಡ್ರಿ ಅಕ್ಕಾರ. ಕೆಳಗ ಗಾಡಿ ಹಚ್ಚಿದ್ದಕ್ಕ ಮೂವತ್ತು ರೂಪಾಯಿ ಚೀಟಿ ಕೊಟ್ಟಾರ, ಅದೊಂದು ಕೊಡ್ರಿ" ಎಂದ. ನೂರರ ನೋಟು ಕೊಟ್ಟರೆ ಎಪ್ಪತ್ತು ಎಣಿಸಿ ವಾಪಸು ಕೊಟ್ಟ.

ಯಜಮಾನರು ಉಳಿದರು. ಪ್ಲೇಟ್‌ಲೆಟ್ ಒಂದರಿಂದಲೇ ಅಲ್ಲ, ಡ್ರಿಪ್ಪನ್ನು ಗಂಟೆಗಂಟೆಗೂ ಅಳೆದು ನೋಡಿದ ನರ್ಸುಗಳಿಂದಲೂ ಎಂದು ಡಾಕ್ಟರು ಹೇಳಿದರು. ಮಾರನೇ ದಿನ ಹನ್ನೊಂದಕ್ಕೆ ಭಾವನವರು ಪರಂಗಿ ಎಲೆಯ ರಸದ ಬಾಟಲಿ ಹಿಡಿದು ಬಂದು, "ನನಗೊಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ" ಎಂದರು.

ಇಂಥ ಸ್ಥಿತಿ ಯಾರಿಗೂ ಬರದಿರಲಿ, ಬಂದರೆ ನಾನು ಹೇಳಬಲ್ಲದ್ದು ಇಷ್ಟು. ಜ್ವರ ಬಿಟ್ಟ ಮೇಲಿನ ಎರಡು ಮೂರು ದಿನ ಕಣ್ಣಿಟ್ಟಿರಿ. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡಬೇಡಿ. ಮೆಸೇಜು ಹಾಕುವಾಗ ತಾರೀಕು, ಆಸ್ಪತ್ರೆ ಬರೆಯಿರಿ, ಸಿಕ್ಕ ಮೇಲೆ "ಸಿಕ್ಕಿತು" ಎಂದೂ ಹಾಕಿ. ಕನಕಪುರದವಳಿಗೆ ಎಷ್ಟೋ ವಾರ ಫೋನು ಬರುತ್ತಲೇ ಇತ್ತಂತೆ. ಇನ್ನು ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವವರು ಏನು ಬೇಕೆಂದು ಕೇಳಬೇಡಿ. ಕೇಳುವ ಚೈತನ್ಯ ಅವರಿಗಿರುವುದಿಲ್ಲ. ಚಾರ್ಜರು, ಚಿಲ್ಲರೆ, ಒಂದು ಫ್ಲಾಸ್ಕು ಬಿಸಿನೀರು ಇಟ್ಟು ಬನ್ನಿ. ಬಾಳೆಹಣ್ಣು ಬೇಡ.

ಮೊನ್ನೆ ನೆಂಟರೊಬ್ಬರ ಮನೆಯ ನಾಮಕರಣದಲ್ಲಿ ಭಾವನವರು ಪಂಕ್ತಿಯಲ್ಲಿ ಕೂತು, ಆ ರಾತ್ರಿ ಡೋನರ್ ಹೊಂದಿಸಲು ತಾವು ಎಷ್ಟು ಓಡಾಡಿದ್ದೆವೆಂದು ವಿವರಿಸುತ್ತಿದ್ದರು. ಯಜಮಾನರು ನನ್ನ ಕಡೆ ನೋಡಿ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದರು. ಅಲ್ಲಿ ಸುಮ್ಮನಿದ್ದೆ.